ಮುಖದ ಬಂಗು ಮತ್ತು ಲೇಸರ್ ಚಿಕಿತ್ಸೆ

ಬಸಿರಿನ ದಿನಗಳಲ್ಲಿ ಅನೇಕ ಸ್ತ್ರೀಯರ ಕೆನ್ನೆ, ಹಣೆ, ಮೇಲ್ದುಟಿಗಳ ಮೇಲೆ ಕಂದು ಕಲೆಗಳು ಮೂಡುತ್ತವೆ. ಇದೇ ಬಂಗು. ಇದು ರಕ್ತ ಕೆಟ್ಟುದರ ಫಲವಲ್ಲ, ಅಂಟುರೋಗವಲ್ಲ, ಯಾರ ದೃಷ್ಟಿಯೂ ಅಲ್ಲ. ಗರ್ಭಕಾಲದ ಹಾರ್ಮೋನುಗಳೂ ಬಿಸಿಲೂ ಸೇರಿ ಚರ್ಮದ ವರ್ಣದ್ರವ್ಯವನ್ನು ಹೆಚ್ಚಿಸುತ್ತವೆ. ಹೆರಿಗೆಯ ನಂತರ ಕೆಲವು ತಿಂಗಳುಗಳಲ್ಲಿ ಹಲವರಿಗೆ ತಾನಾಗಿಯೇ ಮಾಸುತ್ತದೆ. ಗಂಡಂದಿರು ಅಷ್ಟು ಕಾಲ ಹೆಂಡತಿಯ ಮುಖದ ಬಗ್ಗೆ ಕೊಂಕು ನುಡಿಯದಿದ್ದರೆ ಅರ್ಧ ಚಿಕಿತ್ಸೆಯಾದಂತೆಯೇ.

ಲೇಸರ್ ಕಿರಣದಿಂದ ಬಂಗನ್ನು ಶಾಶ್ವತವಾಗಿ ತೆಗೆಯುವೆವೆಂಬ ಜಾಹೀರಾತುಗಳನ್ನು ನೀವು ಪಟ್ಟಣದಲ್ಲಿ ಕಂಡಿರಬಹುದು. ಈ ಕಿರಣವನ್ನು ಹೀರಿದ ವರ್ಣದ್ರವ್ಯ ಕಾದು ಒಡೆಯುತ್ತದೆ. ಆದರೆ ನಮ್ಮಂತಹ ಕಂದು ಚರ್ಮದಲ್ಲಿ ಕಲೆಯ ಸುತ್ತಲೂ ಅದೇ ದ್ರವ್ಯವಿರುವುದರಿಂದ ಅಲ್ಲಿಗೂ ಕಾವು ತಗಲಿ, ಮುಖ ಮೊದಲಿಗಿಂತ ಕಪ್ಪಾಗಬಹುದು. ಮಾಸಿದ ಬಂಗು ಮರಳುವುದೂ ಉಂಟು. ಆದುದರಿಂದ ಚರ್ಮವೈದ್ಯರು ಇದನ್ನು ಮೊದಲ ಚಿಕಿತ್ಸೆಯಾಗಿ ಬಳಸುವುದಿಲ್ಲ. ಸಾಲ ಮಾಡಿ ಹೋಗತಕ್ಕದ್ದಂತೂ ಅಲ್ಲ.

ಅಂಗಡಿಯಿಂದ ತರುವ ಬಿಳುಪಿನ ಮುಲಾಮು ಇನ್ನೂ ಅಪಾಯಕರ. ಅದರಲ್ಲಿ ಸ್ಟೆರಾಯ್ಡ್ ಇದ್ದರೆ ಮೊದಲು ಹೊಳಪು ಬಂದು, ಕ್ರಮೇಣ ಚರ್ಮ ತೆಳುವಾಗಿ, ಉರಿ, ಮೊಡವೆ, ಕೂದಲು ಕಾಣಿಸಿಕೊಳ್ಳುತ್ತವೆ.

ಮಾಲಾ-ಎನ್ ಗುಳಿಗೆ ಸೇವಿಸುವ ಕೆಲವರಿಗೂ ಬಂಗು ಬರುತ್ತದೆ. ಹಾಗೆಂದು ಗುಳಿಗೆಯನ್ನು ಥಟ್ಟನೆ ನಿಲ್ಲಿಸಿ ಬೇಡದ ಬಸಿರಿಗೆ ಎಡೆಗೊಡಬೇಡಿರಿ. ಹಾರ್ಮೋನಿಲ್ಲದ ಕಾಪರ್-ಟಿ, ನಿರೋಧ್, 2016ರಿಂದ ಸರ್ಕಾರಿ ಕಾರ್ಯಕ್ರಮದಲ್ಲಿರುವ ಛಾಯಾ ಗುಳಿಗೆ, ಇವು ಸರ್ಕಾರದಿಂದ ಉಚಿತವಾಗಿ ದೊರೆಯುತ್ತವೆ. ಯಾವುದು ಹೊಂದುವುದೆಂದು ದಂಪತಿಗಳಿಬ್ಬರೂ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬಂದು ಕೇಳಿರಿ. ಅಲ್ಲಿಯವರೆಗೆ ಗುಳಿಗೆ ತಪ್ಪದಿರಲಿ. ಹೊಲದಲ್ಲಿ ದುಡಿಯುವಾಗ ಸೆರಗನ್ನು ಹಣೆಯ ಮುಂದಕ್ಕೆ ಎಳೆದುಕೊಳ್ಳಿರಿ.