ಗಾಳಿ ಮುಟ್ಟದ ಪಾಲು

ಅಮೆರಿಕದ ಫ್ಲೋರಿಡಾ ಕರಾವಳಿಯಲ್ಲಿ ದೋಣಿಯನ್ನೇ ಮನೆ ಮಾಡಿಕೊಂಡು ಬದುಕುವವರಿದ್ದಾರೆ. ನೆಲದ ಮೇಲೆ ಮನೆ ಕಟ್ಟುವುದಕ್ಕಿಂತ ಇದು ಅಗ್ಗ ಎಂಬುದು ಹಲವರ ಲೆಕ್ಕ. ಆದರೆ ಅಲ್ಲಿ ಪ್ರತಿವರ್ಷ ಜೂನ್ 1ರಿಂದ ನವೆಂಬರ್ 30ರವರೆಗೆ ಚಂಡಮಾರುತದ ಕಾಲ. ವಿಮೆಗೆ ಹೋದರೆ ಹಲವು ಕಂಪನಿಗಳು ಒಂದು ಪ್ರಶ್ನೆಗೆ ಬರಹದಲ್ಲೇ ಉತ್ತರ ಬೇಡುತ್ತವೆ: ಗಾಳಿ ಎದ್ದಾಗ ದೋಣಿಯನ್ನು ಎಲ್ಲಿಗೆ ಒಯ್ಯುತ್ತೀರಿ? ಹಂಪಿಗೆ ಹೂವು ಹೊತ್ತ ಹಡಗುಗಳು ಇಲ್ಲಿಂದಲೇ ಹೊರಡುತ್ತಿದ್ದವು ಎಂದು ಹೇಳಿಕೊಳ್ಳುವ ಹೂವಿನ ಹಡಗಲಿಗೂ, ಅದರ ನೆರೆಯ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹರಪನಹಳ್ಳಿಗಳಿಗೂ ಈ ಪ್ರಶ್ನೆ ದೂರದ್ದಲ್ಲ. ನಮ್ಮ ಮನೆಯ ಲೆಕ್ಕದ ಪುಸ್ತಕ ಇದರಿಂದಲೇ ಶುರುವಾಗಬೇಕು ಎಂಬುದು ನನ್ನ ವಾದ.

ದೋಣಿವಾಸಿಯ ನಿಜವಾದ ಕಷ್ಟ ಗಾಳಿಯೊಂದೇ ಅಲ್ಲ. ಅವನ ಮನೆಯೂ ಅದೇ, ಆಸ್ತಿಯೂ ಅದೇ. ಒಂದೇ ಹೊಡೆತಕ್ಕೆ ಎರಡೂ ಹೋಗುತ್ತವೆ. ನಮ್ಮಲ್ಲೂ ಹಾಗೆಯೇ. ಶೇಂಗಾ, ಮೆಕ್ಕೆಜೋಳದ ಹೊಲ, ಮಲ್ಲಿಗೆ ತೋಟ, ಕೊಳವೆಬಾವಿ, ಕುರಿಹಿಂಡು ಎಲ್ಲವೂ ಒಂದೇ ಮಳೆಗೆ ಜೋತುಬಿದ್ದಿವೆ. ತುಂಗಭದ್ರೆಯ ಹಿನ್ನೀರಿನಲ್ಲಿ ಬಲೆ ಹಾಕುವವರಿಗೆ ಹರಿಗೋಲೇ ಬಂಡವಾಳ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದವು. ಮರುವರ್ಷ ತುಂಗಭದ್ರಾ ಜಲಾಶಯ ತುಂಬಿತೆಂದು ನೆಮ್ಮದಿಪಡುವಷ್ಟರಲ್ಲಿ, ಆಗಸ್ಟ್ 10ರ ರಾತ್ರಿ, 33 ಕ್ರಸ್ಟ್ ಗೇಟುಗಳ ಪೈಕಿ 19ನೆಯದರ ಸರಪಳಿ ತುಂಡಾಗಿ ಗೇಟೇ ಕೊಚ್ಚಿಹೋಯಿತು. ಕೂಡಿಟ್ಟ ನೀರು ಹೊಳೆಗೆ ಹರಿಯಿತು. ಕೇಡು ಇಲ್ಲಿಗೆ ಅಪರೂಪದ ನೆಂಟನಲ್ಲ. ಹಾಗಾಗಿ ಅದರ ಖರ್ಚನ್ನೂ ಬೀಜ, ಗೊಬ್ಬರದ ಸಾಲಿನಲ್ಲೇ ಬರೆಯಬೇಕು.

ಕಷ್ಟಕ್ಕಾಗಲೆಂದೇ ಕುರಿ ಸಾಕಿದ್ದೇವಲ್ಲ ಎನ್ನಬಹುದು. ಕುರಿ ಒಳ್ಳೆಯ ಆಸ್ತಿ ಎಂಬುದನ್ನು ಒಪ್ಪುತ್ತೇನೆ. ಆದರೆ ಬರದ ವರ್ಷ ಮೇವಿಲ್ಲದೆ ಎಲ್ಲರೂ ಒಟ್ಟಿಗೆ ಸಂತೆಗೆ ಹೊಡೆದುಕೊಂಡು ಹೋಗುತ್ತಾರೆ, ಕೊಳ್ಳುವವನು ಹೇಳಿದ್ದೇ ಬೆಲೆಯಾಗುತ್ತದೆ. ಊರೊಳಗಿನ ಚೀಟಿ, ಕೈಗಡ ಕೊಟ್ಟ ಹಣಕ್ಕೂ ಇದೇ ಗತಿ. ನಮಗೆ ಬೇಕಾದ ದಿನವೇ ಎಲ್ಲರಿಗೂ ಬೇಕಾಗಿರುತ್ತದೆ, ಸಾಲ ಪಡೆದವನ ಕೈಯೂ ಬರಿದಾಗಿರುತ್ತದೆ. ನಮ್ಮ ಜೊತೆಯಲ್ಲೇ ಮುಳುಗುವ ಆಸ್ತಿ ಆಪತ್ತಿಗೆ ಆಸರೆಯಾಗದು. ಒಂದು ಪಾಲಾದರೂ ಈ ಮಳೆಗೆ, ಈ ಊರಿಗೆ ಸಂಬಂಧವಿಲ್ಲದ ಕಡೆ ಇರಬೇಕು. ಅಂಚೆ ಕಚೇರಿಯ ಉಳಿತಾಯ ಖಾತೆ ಅಂಥದ್ದು. 5 ಲಕ್ಷ ರೂಪಾಯಿವರೆಗೆ ಠೇವಣಿ ವಿಮೆಯಿರುವ ಬ್ಯಾಂಕ್ ಖಾತೆಯೂ ಅಂಥದ್ದೇ. ಬಡ್ಡಿ ಕಡಿಮೆ ಎಂಬುದು ನಿಜ. ಬೇಕಾದ ದಿನ ಪೂರ್ತಿ ಕೈಗೆ ಸಿಗುವುದೇ ಆ ಹಣದ ಬೆಲೆ.

ಸರ್ಕಾರದ ಪರಿಹಾರ ಬರುತ್ತದಲ್ಲ ಎಂಬುದು ಎರಡನೆಯ ಆಕ್ಷೇಪ. ಬರುತ್ತದೆ, ಬರಲೇಬೇಕು, ಅದು ಜನರ ಹಕ್ಕು. ಆದರೆ ತಾರೀಖು ನೋಡಿ. 2023ರ ಸೆಪ್ಟೆಂಬರ್‌ನಲ್ಲಿ ಬರ ಘೋಷಣೆ ಶುರುವಾಯಿತು. ರಾಜ್ಯ ಸುಪ್ರೀಂ ಕೋರ್ಟ್ ಮೆಟ್ಟಿಲೇರಿದ ಮೇಲೆ ಕೇಂದ್ರದ ನೆರವು ಬಂದದ್ದು 2024ರ ಏಪ್ರಿಲ್ ಕೊನೆಗೆ. ನಡುವೆ ಏಳು ತಿಂಗಳು ಒಲೆ ಉರಿಯಬೇಕು. ಆಗ ಮಳೆಯಾಶ್ರಿತ ಬೆಳೆಗೆ ನಿಗದಿಯಾಗಿದ್ದದ್ದು ಹೆಕ್ಟೇರಿಗೆ 8,500 ರೂಪಾಯಿ, ಎಕರೆಗೆ ಸುಮಾರು 3,400. ಇನ್ನು ಫಸಲ್ ಬಿಮಾ ಮಾಡಿಸಲೇಬೇಕು. ಮುಂಗಾರಿನ ಆಹಾರ ಧಾನ್ಯ, ಎಣ್ಣೆಕಾಳಿಗೆ ರೈತ ಕಟ್ಟುವುದು ವಿಮಾ ಮೊತ್ತದ ಶೇ 2ರಷ್ಟು ಮಾತ್ರ. ಆಲಿಕಲ್ಲು ಬಿದ್ದರೆ, ಹೊಲಕ್ಕೆ ನೀರು ನುಗ್ಗಿದರೆ 72 ಗಂಟೆಯೊಳಗೆ ತಿಳಿಸುವುದನ್ನು ಮರೆಯಬಾರದು. ಆದರೂ ಅದು ಬೆಳೆಗಷ್ಟೇ ವಿಮೆ. ಮನೆಗೋಡೆಗೂ ಹರಿಗೋಲಿಗೂ ಅನ್ವಯಿಸದು. ವರ್ಷಕ್ಕೆ 20 ರೂಪಾಯಿಯ ಸುರಕ್ಷಾ ಬಿಮಾ ಅಪಘಾತದ ಸಾವಿಗೆ 2 ಲಕ್ಷ ಕೊಡುತ್ತದೆ. ನೀರಿನ ಮೇಲೆ ದುಡಿಯುವವರಿಗೆ ಅದು ಮೊದಲ ಖರ್ಚಾಗಬೇಕು.

ಮೂರನೆಯ ಆಕ್ಷೇಪ ಎಲ್ಲಕ್ಕಿಂತ ಭಾರವಾದದ್ದು: ಹೊಟ್ಟೆಗೇ ಸಾಲದವರು ಉಳಿಸುವುದೆಲ್ಲಿಂದ? ತಿಂಗಳಿಗೆ 10,000 ರೂಪಾಯಿ ಖರ್ಚಿನ ಮನೆಗೆ ಏಳು ತಿಂಗಳೆಂದರೆ 70,000. ಒಂದೇ ವರ್ಷದಲ್ಲಿ ಅದು ಆಗದ ಮಾತು. ಮೂರು ತಿಂಗಳ 30,000ದಿಂದ ಶುರುಮಾಡಬಹುದು. ತಿಂಗಳ ಲೆಕ್ಕ ರೈತನಿಗೆ ಹೊಂದದು, ಸುಗ್ಗಿಯ ಲೆಕ್ಕ ಹೊಂದುತ್ತದೆ. ಮಾಲು ಮಾರಿದ ದಿನವೇ, ಬಟ್ಟೆಬರೆಗೂ ಮೊದಲು, ಹತ್ತರಲ್ಲಿ ಒಂದು ಪಾಲು ತೆಗೆದಿಡಬೇಕು. ಅಷ್ಟೂ ಆಗದವರ ಸ್ಥಿತಿ ಅವರ ತಪ್ಪಲ್ಲ. ಅವರಿಗೆ ಉದ್ಯೋಗ ಖಾತ್ರಿಯಂಥ ಕೆಲಸ ಸಕಾಲಕ್ಕೆ ಸಿಗಬೇಕು. ಆದರೆ ಕೈಯಲ್ಲಿ ಏನೂ ಇಲ್ಲದಾಗ ತೆರುವ ಬೆಲೆಯನ್ನೂ ನೆನೆಯಬೇಕು. ಮೇಸ್ತ್ರಿಯ ಮುಂಗಡ ಪಡೆದು ಗುಳೆ ಹೋಗುವ ಕುಟುಂಬಕ್ಕೆ ಕೂಲಿಯ ಚೌಕಾಸಿ ಇಲ್ಲ, ಮರಳುವ ದಿನವೂ ತನ್ನದಲ್ಲ. ಮಗುವಿನ ಶಾಲೆಯೂ ಅಲ್ಲಿಗೇ ನಿಲ್ಲುತ್ತದೆ. 30,000 ರೂಪಾಯಿ ಇದ್ದರೆ ಹೋಗುವುದೋ ಬಿಡುವುದೋ, ಯಾರು ಹೋಗುವುದು, ಯಾವಾಗ ಹೋಗುವುದು ಎಂಬ ತೀರ್ಮಾನ ಮನೆಯವರ ಕೈಯಲ್ಲಿ ಉಳಿಯುತ್ತದೆ.

ಭರತ ಹುಣ್ಣಿಮೆಯ ಜಾತ್ರೆಗೆ ಮೈಲಾರದಲ್ಲಿ ಲಕ್ಷಾಂತರ ಜನ ಸೇರುತ್ತಾರೆ. ಗೊರವಯ್ಯ ಬಿಲ್ಲೇರಿ ನುಡಿಯುವ ಕಾರ್ಣಿಕ ಕೇಳಿ ವರ್ಷದ ಮಳೆ, ಬೆಳೆಯ ಅಂದಾಜು ಹಾಕುತ್ತಾರೆ. ಬರುವ ವರ್ಷ ಹೇಗೋ ಗೊತ್ತಿಲ್ಲ ಎಂಬ ಅರಿವು ಈ ನಾಡಿನಲ್ಲಿ ಮೊದಲಿನಿಂದಲೂ ಇದೆ. ಹಣಕಾಸಿನ ಯೋಜನೆಗೆ ಅದಕ್ಕಿಂತ ಗಟ್ಟಿ ಬುನಾದಿ ಬೇಕಿಲ್ಲ. ಜಾತ್ರೆಯಿಂದ ಮರಳಿದ ಸಂಜೆ ಮನೆಯವರೆಲ್ಲ ಕೂತು, ಮಳೆ ಕೈಕೊಟ್ಟರೆ ಎಷ್ಟು ತಿಂಗಳು ತಡೆಯುತ್ತೇವೆ, ಹೊಳೆ ಏರಿದರೆ ಎಲ್ಲಿಗೆ ಹೋಗುತ್ತೇವೆ, ಆ ಖರ್ಚಿನ ಹಣ ಎಲ್ಲಿದೆ ಎಂದು ಬರೆದಿಡಲಿ. ಮೂರನೆಯ ಪ್ರಶ್ನೆಯ ಮುಂದಿನ ಜಾಗ ಖಾಲಿ ಉಳಿದರೆ, ಆ ವರ್ಷದ ಸುಗ್ಗಿಯ ಮೊದಲ ಪಾಲು ಅಲ್ಲಿಗೇ ಸೇರಲಿ.