ಪಾಸ್‌ವರ್ಡ್ ಸಂಶೋಧನೆಗೆ ಇಳಿಯುವವರಿಗೆ ಏಳು ಸೂತ್ರಗಳು

ಸೈಬರ್ ಭದ್ರತೆ ಎಂದರೆ ಗೂಢಲಿಪಿಯ ಗಣಿತವಷ್ಟೇ ಎಂದುಕೊಂಡು ಈ ಕ್ಷೇತ್ರಕ್ಕೆ ಬರುವ ವಿದ್ಯಾರ್ಥಿಗಳು ಬಹಳ. ಆದರೆ ಪಾಸ್‌ವರ್ಡ್, ಪಿನ್, ಒಟಿಪಿಗಳನ್ನು ಬಳಸುವವರು ಮನುಷ್ಯರು. ಅವರಿಗೆ ಬಳಸಲಾಗದ ಭದ್ರತೆ ಭದ್ರತೆಯೇ ಅಲ್ಲ. ಎಂ.ಟೆಕ್‌ಗೋ ಪಿಎಚ್.ಡಿಗೋ ಈ ವಿಷಯ ಆರಿಸಿಕೊಂಡಿದ್ದರೆ ಈ ಸೂತ್ರಗಳು ನಿಮಗಾಗಿ.

1. ಬುಡದಿಂದ ಓದಿ
ರಾಬರ್ಟ್ ಮಾರಿಸ್ ಮತ್ತು ಕೆನ್ ಥಾಂಪ್ಸನ್ 1979ರಲ್ಲೇ 3,289 ಪಾಸ್‌ವರ್ಡ್‌ಗಳನ್ನು ಪರೀಕ್ಷಿಸಿ, ಬಹುಪಾಲು ಸುಲಭವಾಗಿ ಊಹೆಗೆ ಸಿಗುತ್ತವೆ ಎಂದು ತೋರಿಸಿದ್ದರು. 2012ರಲ್ಲಿ ಜೋಸೆಫ್ ಬಾನೋ ಮತ್ತು ಸಂಗಡಿಗರು ಪಾಸ್‌ವರ್ಡ್‌ಗೆ ಬದಲಿಯಾಗಬಲ್ಲ 35 ವಿಧಾನಗಳನ್ನು 25 ಮಾನದಂಡಗಳಿಂದ ಅಳೆದರು. ಪಾಸ್‌ವರ್ಡ್‌ನ ಎಲ್ಲ ಅನುಕೂಲಗಳನ್ನೂ ಉಳಿಸಿಕೊಂಡ ಬದಲಿ ಒಂದೂ ಸಿಗಲಿಲ್ಲ. ನಿಮ್ಮ ಹೊಸ ಉಪಾಯವನ್ನು ಮೊದಲು ಅದೇ ಮಾನದಂಡಗಳಿಗೆ ಒಡ್ಡಿ.

2. ಬಳಕೆದಾರರನ್ನು ದೂರಬೇಡಿ
ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದಿಡುವವರನ್ನು ಕಂಡರೆ "ಜನಕ್ಕೆ ಬುದ್ಧಿಯಿಲ್ಲ" ಎನ್ನುವುದು ಸುಲಭ. ಆನ್ ಆಡಮ್ಸ್ ಮತ್ತು ಆಂಜೆಲಾ ಸಾಸ್ 1999ರಲ್ಲಿ ಪ್ರಕಟವಾದ ಅಧ್ಯಯನಕ್ಕಾಗಿ ಆ ಜನರನ್ನೇ ಕೇಳಿದರು. ಹಲವು ಪಾಸ್‌ವರ್ಡ್, ಪದೇ ಪದೇ ಬದಲಾವಣೆ, ಕೆಲಸಕ್ಕೆ ಹೊಂದದ ನಿಯಮ ಇವೇ ಅವರನ್ನು ಅಡ್ಡದಾರಿಗೆ ತಳ್ಳಿದ್ದವು. "ಏಕೆ ಹೀಗೆ ಮಾಡುತ್ತಾರೆ?" ಎಂದು ಕೇಳಿದಾಗಲೇ ಸಂಶೋಧನೆ ಶುರುವಾಗುವುದು.

3. ಪಕ್ಕದಲ್ಲಿ ಕುಳಿತು ನೋಡಿ
1999ರಲ್ಲೇ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ಆಲ್ಮಾ ವಿಟನ್ ಮತ್ತು ಡಗ್ ಟೈಗರ್ 12 ಜನರ ಕೈಗೆ ಇಮೇಲನ್ನು ಗೂಢಲಿಪಿಗೆ ಬದಲಿಸುವ ಪಿಜಿಪಿ 5.0 ತಂತ್ರಾಂಶ ಕೊಟ್ಟರು. ನೀವು ಚುನಾವಣಾ ಪ್ರಚಾರದ ಸ್ವಯಂಸೇವಕರು, ಅಭ್ಯರ್ಥಿಯ ಪ್ರವಾಸದ ವಿವರವನ್ನು ತಂಡಕ್ಕೆ ಗುಟ್ಟಾಗಿ ಕಳಿಸಿ ಎಂದರು. 90 ನಿಮಿಷ ಕೊಟ್ಟರೂ ಸರಿಯಾಗಿ ಮುಗಿಸಿದವರು ಮೂರನೇ ಒಂದು ಭಾಗ ಮಾತ್ರ. ಮೂವರು ಆ ಗುಟ್ಟನ್ನು ಗೂಢಲಿಪಿಯಿಲ್ಲದೆ ಹಾಗೆಯೇ ಕಳಿಸಿಬಿಟ್ಟರು! ತಂತ್ರಾಂಶದ ಗಣಿತ ಸರಿಯಿತ್ತು, ಪರದೆ ಸರಿಯಿರಲಿಲ್ಲ. ಇಂಥ ಸತ್ಯ ಪ್ರಶ್ನಾವಳಿಯಲ್ಲಿ ಸಿಗುವುದಿಲ್ಲ.

4. ರೂಢಿಯ ನಿಯಮವನ್ನು ಅಳೆದು ನೋಡಿ
ಮೂರು ತಿಂಗಳಿಗೊಮ್ಮೆ ಪಾಸ್‌ವರ್ಡ್ ಬದಲಿಸಬೇಕೆಂಬ ನಿಯಮ ಎಷ್ಟೋ ಕಚೇರಿಗಳಿಗೆ ಹಬ್ಬಿತ್ತು. ಉತ್ತರ ಕೆರೊಲಿನಾ ವಿಶ್ವವಿದ್ಯಾಲಯದ ಸಂಶೋಧಕರು 2010ರಲ್ಲಿ 7,700ಕ್ಕೂ ಹೆಚ್ಚು ಖಾತೆಗಳನ್ನು ಪರಿಶೀಲಿಸಿದರು. ಹಳೆಯ ಪಾಸ್‌ವರ್ಡ್ ಗೊತ್ತಿದ್ದರೆ ಸುಮಾರು ಶೇ. 41ರಷ್ಟು ಖಾತೆಗಳಲ್ಲಿ ಹೊಸದೂ ಕೆಲವೇ ಸೆಕೆಂಡುಗಳಲ್ಲಿ ಸಿಕ್ಕಿತು. ಕೊನೆಯ 1 ಅನ್ನು 2 ಮಾಡುವಂಥ ಬದಲಾವಣೆ ಯಾರನ್ನೂ ಕಾಯುವುದಿಲ್ಲ. 2017ರಲ್ಲಿ ಅಮೆರಿಕದ ಮಾನಕ ಸಂಸ್ಥೆ ನಿಸ್ಟ್ ಕೂಡ ಕಡ್ಡಾಯ ಬದಲಾವಣೆ ಬೇಡವೆಂದಿತು.

5. ಭಾಗವಹಿಸಿದವರ ಹೆಸರು ಅಳಿಸಿದ ಮಾತ್ರಕ್ಕೆ ನೆಮ್ಮದಿ ಬೇಡ
ಪಿನ್‌ಕೋಡ್, ಹುಟ್ಟಿದ ದಿನಾಂಕ, ಲಿಂಗ ಈ ಮೂರೇ ಇದ್ದರೆ ಅಮೆರಿಕದ ಶೇ. 87 ಜನರನ್ನು ಪ್ರತ್ಯೇಕವಾಗಿ ಗುರುತಿಸಬಹುದೆಂದು ಲತಾನ್ಯಾ ಸ್ವೀನಿ ಅಂದಾಜಿಸಿದರು. ನಿಮ್ಮ ಅಧ್ಯಯನಕ್ಕೆ ಬೇಡದ ಮಾಹಿತಿಯನ್ನು ಕೇಳಲೇಬೇಡಿ. ನಮ್ಮಲ್ಲಿ ಖಾಸಗಿತನ ಮೂಲಭೂತ ಹಕ್ಕು. ಹಾಗೆಂದ ಸುಪ್ರೀಂ ಕೋರ್ಟಿನ 2017ರ ತೀರ್ಪಿಗೆ ಕಾರಣವಾದ ಅರ್ಜಿ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರದು.

6. ಅನುಮತಿಯಿಲ್ಲದೆ ಕೈಹಾಕಬೇಡಿ
ಬೇರೆಯವರ ಸರ್ವರ್‌ನ ದೋಷ ಹುಡುಕುವ ಉತ್ಸಾಹಕ್ಕೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43 ಮತ್ತು 66ನೇ ಸೆಕ್ಷನ್‌ಗಳ ಕಡಿವಾಣವಿದೆ. ನೈತಿಕ ಸಮಿತಿಯ ಒಪ್ಪಿಗೆ, ಮಾಲೀಕರ ಲಿಖಿತ ಅನುಮತಿ ಎರಡನ್ನೂ ಪಡೆದೇ ಮುಂದುವರಿಯಿರಿ. ದೋಷ ಕಣ್ಣಿಗೆ ಬಿದ್ದರೆ ಮಾಲೀಕರಿಗೆ ಅಥವಾ ದೇಶದ ಕಂಪ್ಯೂಟರ್ ತುರ್ತು ಸ್ಪಂದನಾ ತಂಡವಾದ ಸರ್ಟ್-ಇನ್‌ಗೆ ತಿಳಿಸಿ. ಅವರು ಸರಿಪಡಿಸುವವರೆಗೆ ಬಹಿರಂಗ ಬೇಡ.

7. ನಿಮ್ಮ ನೆಲದ ಪ್ರಶ್ನೆ ಹಿಡಿಯಿರಿ
ಫೋನ್ ಒಬ್ಬರದೇ ಸ್ವತ್ತು ಎಂಬುದು ಪಶ್ಚಿಮದ ಎಷ್ಟೋ ವಿನ್ಯಾಸಗಳ ಹಿಂದಿನ ನಂಬಿಕೆ. ನಿತ್ಯಾ ಸಾಂಬಶಿವನ್ ಮತ್ತು ಸಂಗಡಿಗರು 2018ರಲ್ಲಿ ಪ್ರಕಟವಾದ ಅಧ್ಯಯನಕ್ಕಾಗಿ ಭಾರತ, ಪಾಕಿಸ್ತಾನ, ಬಾಂಗ್ಲಾದೇಶದ ಮಹಿಳೆಯರೊಡನೆ ಮಾತಾಡಿದಾಗ ಬೇರೆಯೇ ಬದುಕು ಕಂಡಿತು. ಫೋನು ಮನೆಮಂದಿಯ ಕೈಗೆಲ್ಲ ಹೋಗುತ್ತದೆ. ಹಾಗಾಗಿ ಅವರು ಆ್ಯಪ್‌ಗಳಿಗೆ ಲಾಕ್ ಹಾಕುತ್ತಾರೆ, ಒಂದೊಂದೇ ಮೆಸೇಜು, ಫೋಟೊ ಅಳಿಸುತ್ತಾರೆ. ಮಗನಿಂದ ಯುಪಿಐ ಪಿನ್ ಒತ್ತಿಸುವ ತಾಯಿ, ಕನ್ನಡ ಮಾತ್ರ ಓದಬಲ್ಲ ವ್ಯಾಪಾರಿಗೆ ಇಂಗ್ಲಿಷಿನಲ್ಲಿ ಬರುವ ಎಚ್ಚರಿಕೆ: ಇಂಥ ಪ್ರಶ್ನೆಗಳನ್ನು ನಿಮ್ಮಷ್ಟು ಹತ್ತಿರದಿಂದ ಬಲ್ಲವರು ಕಡಿಮೆ. ಆಯ್ದುಕೊಳ್ಳಿ, ದುಡಿಯಿರಿ. ಪ್ರಬಂಧ ಪ್ರಕಟವಾದ ಮೇಲೆ ಅದರ ಸಾರವನ್ನು ಒಂದು ಪುಟದ ಕನ್ನಡದಲ್ಲಿ ಬರೆದು, ನಿಮಗಾಗಿ ಸಮಯ ಕೊಟ್ಟವರ ಕೈಗೇ ತಲುಪಿಸಿ.