ಕಡಲ ತಡಿಯ ಅತಿಥಿಶಾಲೆ

ದಾರಿಗನಿಗೆ ನೆರಳು, ನೀರು, ಅನ್ನಗಳನ್ನು ನೀಡುವುದು ಪುಣ್ಯಕಾರ್ಯವೆಂದು ನಮ್ಮ ಹಿರಿಯರು ನಂಬಿದ್ದರು. ಅರವಟ್ಟಿಗೆಗಳೂ ಧರ್ಮಛತ್ರಗಳೂ ಆ ನಂಬಿಕೆಯಿಂದಲೇ ಹುಟ್ಟಿದವು. ಆದರೆ ಹಣ ತೆತ್ತು ತಂಗುವ ಹೋಟೆಲಿನಲ್ಲಿ, ಅದರಲ್ಲಿಯೂ ಸಿರಿವಂತರೇ ಬಂದಿಳಿಯುವ ವೈಭವದ ಹೋಟೆಲಿನಲ್ಲಿ, ಇಂತಹ ಅತಿಥಿಧರ್ಮಕ್ಕೆ ಎಡೆಯುಂಟೆ? ಮುಂಬಯಿಯ ತಾಜ್ ಮಹಲ್ ಹೋಟೆಲಿನ ಚರಿತ್ರೆಯಲ್ಲಿ ಈ ಪ್ರಶ್ನೆಗೆ ಉತ್ತರವಿದೆ.

ಈ ಹೋಟೆಲನ್ನು ಕಟ್ಟಿಸಿದವರು ಜಮ್‌ಶೇಟ್‌ಜಿ ಟಾಟಾ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕನಸನ್ನು ಕಂಡವರೂ ಇವರೇ. 1896ರಲ್ಲಿ ಕಾಣಿಸಿಕೊಂಡ ಪ್ಲೇಗು ಮುಂಬಯಿ ನಗರವನ್ನು ತಲ್ಲಣಗೊಳಿಸಿತ್ತು. ಜನ ಊರು ತೊರೆದು ಹೋಗಿದ್ದರು. ಅದಾದ ಕೆಲವೇ ವರ್ಷಗಳಲ್ಲಿ, ಜಗತ್ತಿನ ಯಾವ ಹೋಟೆಲಿಗೂ ಕಡಮೆಯಲ್ಲದ ಭವನವೊಂದು ತಮ್ಮ ನಗರದಲ್ಲಿ ತಲೆಯೆತ್ತಬೇಕೆಂದು ಟಾಟಾ ಅವರು ಸಂಕಲ್ಪಿಸಿದರು. ಬೇಕಾದ ಸಾಮಗ್ರಿಗಳನ್ನು ಯೂರೋಪಿನಲ್ಲಿ ತಾವೇ ಆರಿಸಿ ತರಿಸಿದರು. 1903ರ ಡಿಸೆಂಬರ್ 16ರಂದು ಹೋಟೆಲಿನ ಬಾಗಿಲು ತೆರೆಯಿತು. ವಿದ್ಯುದ್ದೀಪಗಳ ಬೆಳಕಿನಲ್ಲಿ ಅದು ಬೆಳಗುವುದನ್ನು ಜನ ಬೆರಗಿನಿಂದ ನೋಡಿದರು. ಆದರೆ ಅದರ ಏಳಿಗೆಯನ್ನು ಕಾಣುವ ಭಾಗ್ಯ ಟಾಟಾ ಅವರಿಗಿರಲಿಲ್ಲ. 1904ರ ಮೇ ತಿಂಗಳಲ್ಲಿ ಅವರು ತೀರಿಕೊಂಡರು.

ಇಂದು ಹೋಟೆಲಿನ ಎದುರಿಗೆ ಕಾಣುವ ‘ಗೇಟ್‌ವೇ ಆಫ್ ಇಂಡಿಯಾ’ ಉದ್ಘಾಟನೆಯಾದುದು 1924ರಲ್ಲಿ. ಅದಕ್ಕೂ ಮೊದಲೇ ಹಡಗಿನಲ್ಲಿ ಬಂದವರನ್ನು ಎದುರುಗೊಂಡಿದ್ದುದು ಈ ಹೋಟೆಲಿನ ಗುಮ್ಮಟ. ಇಲ್ಲಿ ತಂಗಿದವರು ಎಷ್ಟೋ ಮಂದಿ. ಸರೋಜಿನಿ ನಾಯಿಡು ಅವರಿಗೆ ಇದು ಮನೆಯಂತೆಯೇ ಇತ್ತು. ರವಿಶಂಕರರಲ್ಲಿ ಸಿತಾರ್ ಕಲಿಯಲೆಂದು 1966ರಲ್ಲಿ ಮುಂಬಯಿಗೆ ಬಂದ ಆಂಗ್ಲ ಸಂಗೀತಗಾರ ಜಾರ್ಜ್ ಹ್ಯಾರಿಸನ್ ಇಳಿದುಕೊಂಡುದೂ ಇಲ್ಲಿಯೇ. ಮೊದಲನೆಯ ಮಹಾಯುದ್ಧದ ಕಾಲದಲ್ಲಂತೂ ಈ ಭವನ 600 ಹಾಸಿಗೆಗಳ ಆಸ್ಪತ್ರೆಯಾಯಿತು. ವಿಲಾಸಕ್ಕೆಂದು ಸಜ್ಜಾಗಿದ್ದ ಕೋಣೆಗಳಲ್ಲಿ ಗಾಯಗೊಂಡ ಸೈನಿಕರು ಮಲಗಿದರು.

ಹೋಟೆಲಿನ ನಿಜವಾದ ಪರೀಕ್ಷೆಯ ಕಾಲ ಬಂದುದು 2008ರ ನವೆಂಬರ್ 26ರ ರಾತ್ರಿ. ಶಸ್ತ್ರಧಾರಿಗಳಾದ ಭಯೋತ್ಪಾದಕರು ಒಳನುಗ್ಗಿ ಕಂಡಕಂಡವರ ಮೇಲೆ ಗುಂಡು ಹಾರಿಸಿದರು. ಗುಮ್ಮಟದ ಕೆಳಗಿನ ಅಂತಸ್ತುಗಳಿಗೆ ಬೆಂಕಿ ಬಿದ್ದಿತು. ಹಿಂಬಾಗಿಲುಗಳ ಪರಿಚಯವಿದ್ದ ನೌಕರರು ಓಡಿಹೋಗಿ ಜೀವ ಉಳಿಸಿಕೊಳ್ಳಬಹುದಾಗಿತ್ತು. ಅವರಲ್ಲಿ ಅನೇಕರು ಹಾಗೆ ಮಾಡಲಿಲ್ಲ. ಟೆಲಿಫೋನ್ ವಿಭಾಗದವರು ಕೋಣೆಕೋಣೆಗೂ ಕರೆಮಾಡಿ, ದೀಪವಾರಿಸಿ ಬಾಗಿಲು ಭದ್ರಪಡಿಸಿಕೊಳ್ಳುವಂತೆ ಅತಿಥಿಗಳಿಗೆ ತಿಳಿಸಿದರು. ಬಡಿಸುವ ಹಿರಿಯ ನೌಕರರೊಬ್ಬರು ಅತಿಥಿಗಳನ್ನು ಮೊದಲು ಹೊರಗೆ ಕಳುಹಿಸಿ, ತಾವು ಕೊನೆಯವರಾಗಿ ಉಳಿದರು, ಗುಂಡಿಗೆ ಬಲಿಯಾದರು. ಅಡುಗೆಮನೆಯ ದಾರಿಯಾಗಿ ಅತಿಥಿಗಳನ್ನು ಸಾಗಿಸುವಾಗ ಬಾಣಸಿಗರು ಅವರಿಗೆ ಅಡ್ಡವಾಗಿ ನಿಂತರು; ಅವರಲ್ಲಿ ಕೆಲವರು ಮತ್ತೆ ಮನೆಗೆ ಮರಳಲಿಲ್ಲ. ಹೋಟೆಲಿನ ಮುಖ್ಯಾಧಿಕಾರಿಯ ಪತ್ನಿಯೂ ಇಬ್ಬರು ಮಕ್ಕಳೂ ಮೇಲಂತಸ್ತಿನಲ್ಲಿ ಬೆಂಕಿಗೆ ಆಹುತಿಯಾದರು. ಆ ದುಃಖವನ್ನು ನುಂಗಿಕೊಂಡು ಅವರು ಉಳಿದವರ ರಕ್ಷಣೆಯಲ್ಲಿ ತೊಡಗಿದರು. ಕಾಳಗದಲ್ಲಿ ಹೋರಾಡಿ ಮಡಿದ ಮೇಜರ್ ಸಂದೀಪ್ ಉನ್ನಿಕೃಷ್ಣನ್ ಬೆಂಗಳೂರಿನಲ್ಲಿ ಬೆಳೆದ ತರುಣ. ನವೆಂಬರ್ 29ರ ಬೆಳಗಿನ ಹೊತ್ತಿಗೆ ಕಾಳಗ ಮುಗಿಯಿತು. ಹೋಟೆಲಿನಲ್ಲಿ ಸತ್ತ 31 ಮಂದಿಯಲ್ಲಿ ಸುಮಾರು ಮೂರನೆಯ ಒಂದು ಭಾಗ ಅಲ್ಲಿಯ ನೌಕರರೇ ಆಗಿದ್ದರು.

ಸುಟ್ಟ ಭಾಗವನ್ನು ಮತ್ತೆ ಕಟ್ಟಲಾಯಿತು. 2010ರ ಆಗಸ್ಟ್ 15ರಂದು, ಸ್ವಾತಂತ್ರ್ಯ ದಿನದಂದೇ, ಅದು ಅತಿಥಿಗಳಿಗೆ ತೆರೆಯಿತು. ಅದೇ ವರ್ಷದ ನವೆಂಬರಿನಲ್ಲಿ ಅಮೆರಿಕದ ಅಧ್ಯಕ್ಷ ಒಬಾಮಾ ಅಲ್ಲಿಯೇ ತಂಗಿ, ಮಡಿದವರಿಗೆ ಗೌರವ ಸಲ್ಲಿಸಿದರು. ಆ 31 ಮಂದಿಯ ಹೆಸರುಗಳನ್ನು ಹೋಟೆಲಿನೊಳಗಿನ ಸ್ಮಾರಕದಲ್ಲಿ ಕೆತ್ತಲಾಗಿದೆ. ಅತಿಥಿಯ ಹೆಸರೂ ಅವನಿಗೆ ಬಡಿಸಿದವನ ಹೆಸರೂ ಅಲ್ಲಿ ಜೊತೆಯಾಗಿವೆ. ಕೋಣೆಯ ಬಾಡಿಗೆಗೆ ಲೆಕ್ಕವುಂಟು. ಆ ರಾತ್ರಿ ನೌಕರರು ಮಾಡಿದ ಸೇವೆಗೆ ಬೆಲೆ ಕಟ್ಟಬಲ್ಲವರು ಯಾರು?